ಮದುವೆಗೆ ಮುಂಚೆ ಸಾಲ ಎಷ್ಟಿದೆ ಅಂತ ಹೇಳಿ

ಉದ್ದದ ಬರಹ, ಬಿಡುವು ಮಾಡ್ಕೊಂಡು ಓದಿ.

ಇತ್ತೀಚೆಗೆ ನಮ್ಮ ಸಂಘಟನೆಯ ಹುಡುಗನೊಬ್ಬನ ಸರಳ ಮದುವೆ ಆಯ್ತು. ಊರು ಹೇಳಲ್ಲ, ಯಾಕೆ ಅಂತ ಮುಂದೆ ಗೊತ್ತಾಗುತ್ತೆ. ಬುದ್ಧ, ಬಾಬಾಸಾಹೇಬರ ಫೋಟೋ, ಸಂವಿಧಾನ ಪೀಠಿಕೆಯ ಓದು, ಹಾರ ಬದಲಾವಣೆ, ಮುದ್ದೆ ಊಟ. ಪೀಠಿಕೆ ಓದಿಸಿದ್ದು ನಾನೇ. ಸ್ವಾತಂತ್ರ್ಯ, ಸಮಾನತೆ, ಭ್ರಾತೃತ್ವ ಅಂತ ಇಪ್ಪತ್ತು ನಿಮಿಷ ಮಾತಾಡಿ ಚಪ್ಪಾಳೆ ಗಿಟ್ಟಿಸಿದೆ. ವಾಪಸ್ ಬರುವಾಗ ಚಂದಾಪುರ ಸಿಗ್ನಲ್ಲಲ್ಲಿ ಬೈಕ್ ನಿಂತಾಗ ಹಿಂದೆ ಕೂತಿದ್ದ ನನ್ನ ಹೆಂಡತಿ ಕೇಳಿದಳು: "ಅಷ್ಟೆಲ್ಲಾ ಹೇಳ್ದಲ್ಲ, ಆ ಹುಡುಗನ ಮೇಲೆ ಸಾಲ ಎಷ್ಟಿದೆ ಅಂತ ಆ ಹುಡುಗಿಗೆ ಗೊತ್ತಾ?"

ನನಗೆ ಗೊತ್ತಿತ್ತು. ಹುಡುಗ ನನ್ನ ಹತ್ರ ಹೇಳ್ಕೊಂಡಿದ್ದ. ಹುಡುಗಿಗೆ ಗೊತ್ತಿಲ್ಲ ಅನ್ನೋದೂ ನನಗೆ ಗೊತ್ತಿತ್ತು. ಹಸಿರು ದೀಪ ಬಂತು, ಗಾಡಿ ಓಡಿಸಿದೆ. ಉತ್ತರ ಕೊಡಲಿಲ್ಲ.

ಈ ಪ್ರಶ್ನೆ ಕೇಳೋ ಹಕ್ಕು ಅವಳಿಗೆ ಇದ್ದಷ್ಟು ಬೇರೆ ಯಾರಿಗೂ ಇಲ್ಲ. ಅದಕ್ಕೇ ಇವತ್ತು ನನ್ನ ಮನೆಯ ಲೆಕ್ಕ ಇಲ್ಲಿ ಬರೀತಿದ್ದೀನಿ. ಅವಳು ಓದಿ ಒಪ್ಪಿದ್ದಾಳೆ. ಎರಡು ಸಾಲು ತೆಗೆಸಿದ್ದಾಳೆ, ಒಂದು ಸಾಲು ಸೇರಿಸಿದ್ದಾಳೆ.

ನಾವಿಬ್ಬರೂ ಹೋರಾಟದಲ್ಲೇ ಪರಿಚಯ ಆದವರು. ಹೋಗು, ಬಾ ಅಂತಲೇ ಮಾತು. ಅವಳು ಹೊಸೂರು ರಸ್ತೆಯ ಒಂದು ಗಾರ್ಮೆಂಟ್ಸ್‌ನಲ್ಲಿ ಟೈಲರ್. ನಾನು ಅತಿಥಿ ಉಪನ್ಯಾಸಕ, ಆಗ ತಿಂಗಳಿಗೆ 13 ಸಾವಿರ, ಅದೂ ಮೂರು ತಿಂಗಳಿಗೋ ನಾಲ್ಕು ತಿಂಗಳಿಗೋ ಒಮ್ಮೆ. ಮನೆ ಬಾಡಿಗೆ, ರೇಷನ್ನು, ಮಗಳ ಫೀಸು ಎಲ್ಲಾ ನಡೀತಿದ್ದದ್ದು ಅವಳ ಸಂಬಳದ ಮೇಲೆ. ವೇದಿಕೆ ಮೇಲೆ ಶಾಲು ಹಾಕಿಸ್ಕೊಳ್ತಿದ್ದದ್ದು ಮಾತ್ರ ನಾನು.

2016ರ ಏಪ್ರಿಲ್ ನಿಮಗೆ ನೆನಪಿರಬಹುದು. ಪಿಎಫ್‌ನಲ್ಲಿ ಮಾಲೀಕರು ಕಟ್ಟಿದ ಪಾಲನ್ನು 58 ವರ್ಷ ಆಗೋವರೆಗೂ ತೆಗೆಯೋ ಹಾಗಿಲ್ಲ ಅಂತ ಕೇಂದ್ರ ಸರ್ಕಾರ ನಿಯಮ ತಂದಿತ್ತು. 18ನೇ ತಾರೀಖು ಗಾರ್ಮೆಂಟ್ಸ್ ಹೆಣ್ಮಕ್ಕಳು ಸಾವಿರಾರು ಜನ ಬೀದಿಗೆ ಬಂದರು. ಯಾವ ದೊಡ್ಡ ನಾಯಕರೂ ಕರೆ ಕೊಟ್ಟಿರಲಿಲ್ಲ. ಹೊಸೂರು ರಸ್ತೆ ಬಂದ್ ಆಯ್ತು, ಲಾಠಿ ಬಿತ್ತು, ಮಾರನೇ ದಿನ ಇನ್ನೂ ಹೆಚ್ಚು ಜನ ಬಂದರು. 19ರ ಸಂಜೆ ಹೊತ್ತಿಗೆ ಕೇಂದ್ರ ಸರ್ಕಾರವೇ ನಿಯಮ ವಾಪಸ್ ತಗೊಳ್ತು. ನನ್ನ ಹೆಂಡತಿ ಎರಡೂ ದಿನ ರಸ್ತೆಯಲ್ಲಿದ್ದಳು. ನಾನು ಮನೇಲಿ ಕೂತು ಅದರ ಬಗ್ಗೆ ಲೇಖನ ಬರೆದೆ. ಆ ದುಡ್ಡು ದುಡಿಯೋ ಹೆಣ್ಣಿನ ಬೆವರು, ಅದನ್ನ ಮುಟ್ಟೋ ಹಕ್ಕು ಯಾವ ಸರ್ಕಾರಕ್ಕೂ ಇಲ್ಲ ಅಂತೆಲ್ಲಾ ಬರೆದಿದ್ದೆ. ತುಂಬಾ ಜನ ಶೇರ್ ಮಾಡಿದ್ದರು.

ಮೂರು ವರ್ಷ ಕಳೆದ ಮೇಲೆ ಆ ದುಡ್ಡು ಮುಟ್ಟಿದವನು ನಾನು.

ಹೇಗೆ ಅಂತ ಹೇಳ್ತೀನಿ, ರೂಪಾಯಿ ಲೆಕ್ಕದಲ್ಲೇ. 2017ರ ಮೇನಲ್ಲಿ ತಂಗಿಯ ಮದುವೆಗೆ 50 ಸಾವಿರ ಕಡಿಮೆ ಬಿತ್ತು. ಪರಿಚಯದವನೊಬ್ಬನ ಹತ್ರ ಐದು ರೂಪಾಯಿ ಬಡ್ಡಿಗೆ ತಂದೆ. ತಿಂಗಳಿಗೆ ನೂರಕ್ಕೆ ಐದು. ಅದೇ ವರ್ಷ ಡಿಸೆಂಬರಿನಲ್ಲಿ, ಕೋರೆಗಾಂವ್ ಯುದ್ಧಕ್ಕೆ 200 ವರ್ಷ, ಜನವರಿ 1ಕ್ಕೆ ಒಂದು ಬಸ್ಸು ಜನ ಕರ್ಕೊಂಡು ಹೋಗೋಣ ಅಂತ ತೀರ್ಮಾನ ಆಯ್ತು. ಬಸ್ಸಿಗೆ ಕೊಡ್ತೀವಿ ಅಂದವರು ಕೈ ಎತ್ತಿದರು. ಮರ್ಯಾದೆ ಪ್ರಶ್ನೆ. ಮತ್ತೆ 40 ಸಾವಿರ. 2018ರ ಏಪ್ರಿಲ್ 14ಕ್ಕೆ ಜಯಂತಿ. ಶಾಮಿಯಾನ, ಸೌಂಡು, ಫ್ಲೆಕ್ಸು, ಊಟ. ಚಂದಾ ಪುಸ್ತಕದಲ್ಲಿ ಬರೆಸಿದವರಲ್ಲಿ ಅರ್ಧ ಜನ ಕೊಡಲಿಲ್ಲ. ಇನ್ನೊಂದು 30 ಸಾವಿರ. ಒಟ್ಟು ಅಸಲು 1 ಲಕ್ಷ 20 ಸಾವಿರ. ತಿಂಗಳಿಗೆ ಬಡ್ಡಿಯೇ 6 ಸಾವಿರ.

ಹೆಂಡತಿಗೆ ಹೇಳಲಿಲ್ಲ. ಯಾಕೆ ಹೇಳಲಿಲ್ಲ ಅಂತ ನನ್ನನ್ನ ನಾನೇ ಬಹಳ ಸಲ ಕೇಳ್ಕೊಂಡಿದ್ದೀನಿ. ಬೇಜಾರು ಮಾಡ್ಕೊಳ್ತಾಳೆ ಅಂತ, ಸಂಬಳದ ಅರಿಯರ್ಸ್ ಬಂದ ತಕ್ಷಣ ತೀರಿಸಿಬಿಡ್ತೀನಲ್ಲ ಅಂತ. ಇವೆಲ್ಲಾ ಮೇಲಿನ ಮಾತು. ಒಳಗಿನ ಮಾತು ಏನಂದ್ರೆ, ಹೇಳಿದ್ದರೆ ಅವಳು ಬೇಡ ಅಂತಿದ್ದಳು. ಬೇಡ ಅನ್ನೋ ಅವಕಾಶ ಅವಳಿಗೆ ಕೊಡೋದು ನನಗೆ ಬೇಕಿರಲಿಲ್ಲ.

2019ರ ಮೇ ತಿಂಗಳ ಒಂದು ಸಂಜೆ ಸಾಲ ಕೊಟ್ಟವನ ಹುಡುಗ ಮನೆ ಬಾಗಿಲಿಗೆ ಬಂದ. ನಾನಿರಲಿಲ್ಲ. ಅವಳು ಆಗ ತಾನೇ ಫ್ಯಾಕ್ಟರಿ ವ್ಯಾನಿಂದ ಇಳಿದು ಬಂದಿದ್ದಳು. "ಸಾರ್ ಇಲ್ವಾ ಅಕ್ಕಾ? ಎರಡು ಲಕ್ಷ ಮೂರು ಸಾವಿರದ ಐನೂರು ಆಗೈತೆ, ನಮ್ಮಣ್ಣ ಹೇಳಿ ಬಾ ಅಂದ್ರು" ಅಂದನಂತೆ. ವಠಾರದ ಜನರೆಲ್ಲ ಕೇಳಿಸ್ಕೊಂಡರು. ನಾನು ರಾತ್ರಿ ಒಂಬತ್ತಕ್ಕೆ ಮನೆಗೆ ಬಂದಾಗ ಅವಳು ಅಳ್ತಾ ಇರಲಿಲ್ಲ. ಒಂದು ಪೇಪರಿನ ಮೇಲೆ ಆ ಸಂಖ್ಯೆ ಬರೆದು ಟಿವಿ ಮೇಲಿಟ್ಟಿದ್ದಳು. ಊಟ ಬಡಿಸಿ, "ಇದು ಯಾವ ಹೋರಾಟದ್ದು?" ಅಂತ ಒಂದೇ ಮಾತು ಕೇಳಿದಳು.

ಇಲ್ಲಿ ಒಂದು ವಿಷಯ ಗಮನಿಸಿ. ಮೀಟರ್ ಬಡ್ಡಿ ವಿರುದ್ಧ ತಾಲೂಕು ಕಚೇರಿ ಮುಂದೆ ಧರಣಿ ಕೂತವನು ನಾನು. ಅತಿಯಾದ ಬಡ್ಡಿ ವಸೂಲಿ ನಿಷೇಧಿಸಿ ಕರ್ನಾಟಕದಲ್ಲಿ 2004ರಲ್ಲೇ ಕಾಯ್ದೆ ಆಗಿದೆ ಅಂತ ಭಾಷಣದಲ್ಲಿ ಹೇಳ್ತಿದ್ದವನು. ಲೈಸೆನ್ಸ್ ಇಲ್ಲದೆ ಲೇವಾದೇವಿ ಮಾಡೋ ಹಾಗಿಲ್ಲ ಅಂತ ಬೇರೆಯವರಿಗೆ ಅರ್ಜಿ ಬರೆದುಕೊಟ್ಟವನು. ನನ್ನ ವಿಷಯಕ್ಕೆ ಮಾತ್ರ ಯಾಕೆ ಸ್ಟೇಷನ್ ಮೆಟ್ಟಿಲು ಹತ್ತಲಿಲ್ಲ? ಹತ್ತಿದ್ದರೆ ಮನೆಗೆ ಗೊತ್ತಾಗ್ತಿತ್ತು. ನಾನು ಹೆಂಡತಿಯಿಂದ ಮುಚ್ಚಿಟ್ಟ ಗುಟ್ಟೇ ಆ ಬಡ್ಡಿಯವನಿಗೆ ಭದ್ರತೆ. ಅವನು ಬಾಂಡ್ ಪೇಪರ್ ಬರೆಸ್ಕೊಂಡಿರಲಿಲ್ಲ, ಚೆಕ್ ಇಸ್ಕೊಂಡಿರಲಿಲ್ಲ, ಬೇಕಾಗೇ ಇರಲಿಲ್ಲ. ಮನೆಗೆ ಬಂದು ಹೇಳಿಬಿಡ್ತೀನಿ ಅನ್ನೋ ಒಂದು ಮಾತು ಸಾಕಿತ್ತು.

ಈಗ 2025ರ ಫೆಬ್ರವರಿಯಲ್ಲಿ ಮೈಕ್ರೋ ಫೈನಾನ್ಸ್ ಕಿರುಕುಳ ತಡೆಯೋಕೆ ಸುಗ್ರೀವಾಜ್ಞೆ ಬಂತಲ್ಲ, ಹತ್ತು ವರ್ಷದವರೆಗೂ ಜೈಲು ಅಂತ. ಬರಲಿ, ಒಳ್ಳೇದೇ, ನಾವೂ ಕೇಳಿದ್ದೆವು. ಆದರೆ ನಮ್ಮ ಕೇರಿಗಳಲ್ಲಿ ಗ್ರೂಪ್ ಲೋನ್ ಹೆಂಡತಿ ಹೆಸರಲ್ಲಿ, ಖರ್ಚು ಗಂಡನ ಕೈಯಲ್ಲಿ. ಇನ್ನೆಷ್ಟೋ ಮನೆಗಳಲ್ಲಿ ಗಂಡನಿಗೆ ಗೊತ್ತಿಲ್ಲದೆ ಹೆಂಗಸು ಮೂರು ಕಡೆ ತಗೊಂಡಿರ್ತಾಳೆ, ಒಂದರ ಕಂತು ಕಟ್ಟೋಕೆ ಇನ್ನೊಂದು. ಇಬ್ಬರೂ ಒಬ್ಬರಿಗೊಬ್ಬರು ಹೆದರಿ ಬಾಯಿ ಮುಚ್ಕೊಂಡಿದ್ದರೆ ದೂರು ಕೊಡೋರು ಯಾರು?

ನನ್ನ ಕಥೆಗೆ ಬರ್ತೀನಿ. ಅವಳು ಕೆಲಸಕ್ಕೆ ರಾಜೀನಾಮೆ ಕೊಟ್ಟಳು. ಪಿಎಫ್ ಪೂರ್ತಿ ತೆಗೀಬೇಕಾದ್ರೆ ಕೆಲಸ ಬಿಟ್ಟು ಎರಡು ತಿಂಗಳು ಕಾಯಬೇಕಿತ್ತು, ಗಾರ್ಮೆಂಟ್ಸ್‌ನವರಿಗೆಲ್ಲಾ ಇದು ಗೊತ್ತು. ಒಂಬತ್ತು ವರ್ಷದ ಸರ್ವೀಸು. ಇನ್ನೊಂದು ವರ್ಷ ಇದ್ದಿದ್ದರೆ ಪಿಂಚಣಿಗೆ ಬೇಕಾದ ಹತ್ತು ವರ್ಷ ಆಗ್ತಿತ್ತು. ಆ ಪಿಂಚಣಿ ಭಾಗವನ್ನೂ ತೆಗೆದಳು. ಪಿಎಫ್, ಪಿಂಚಣಿ, ಗ್ರಾಚ್ಯುಟಿ ಎಲ್ಲಾ ಸೇರಿ ಬಂದದ್ದು 2 ಲಕ್ಷ 38 ಸಾವಿರ. ಅಷ್ಟರಲ್ಲಿ ಮೂರು ತಿಂಗಳ ಬಡ್ಡಿ ಸೇರಿ ಸಾಲ 2 ಲಕ್ಷ 21 ಸಾವಿರದ ಐನೂರು ಆಗಿತ್ತು. ಕೈಯಲ್ಲಿ ಉಳಿದದ್ದು 16 ಸಾವಿರದ ಐನೂರು. ಅವಳು ಬೇರೆ ಫ್ಯಾಕ್ಟರಿಯಲ್ಲಿ ಹೊಸಬಳಾಗಿ ಸೇರ್ಕೊಂಡಳು. ಒಂಬತ್ತು ವರ್ಷದ ಹಿರಿತನ ಹೋಯ್ತು.

ಇದಾಗಿ ಏಳೆಂಟು ತಿಂಗಳಿಗೆ ಕೊರೋನಾ. 2020ರ ಮಾರ್ಚ್ ಕೊನೆಯಲ್ಲಿ ಪಿಎಫ್‌ನಿಂದ ವಿಶೇಷ ಮುಂಗಡ ತಗೋಬಹುದು ಅಂತ ಸರ್ಕಾರ ಹೇಳ್ತು. ಅವಳ ಹಳೇ ಲೈನಿನ ಗೆಳತಿಯರು ತಗೊಂಡು ಅಕ್ಕಿ ಬೇಳೆ ತಂದರು. ಇವಳ ಖಾತೆಯಲ್ಲಿ ಆರು ತಿಂಗಳದ್ದು ಬಿಟ್ಟು ಏನೂ ಇರಲಿಲ್ಲ. ಕಾಲೇಜು ಮುಚ್ಚಿ ನನಗೂ ಸಂಬಳ ಇಲ್ಲ. ಆವತ್ತು ನಾನು ಊರೆಲ್ಲಾ ಫುಡ್ ಕಿಟ್ ಹಂಚ್ತಿದ್ದೆ, ಪೇಪರಲ್ಲಿ ಫೋಟೋ ಬಂದಿತ್ತು. ನಮ್ಮ ಮನೆಗೂ ಒಂದು ಕಿಟ್ ಬೇಕು ಅಂತ ಕೇಳೋಕೆ ನಾಲಿಗೆ ಬರಲಿಲ್ಲ. ಅವಳೇ ಹೋಗಿ ಬೇರೆ ಸಂಘಟನೆಯವರ ಕ್ಯೂನಲ್ಲಿ ನಿಂತು ತಂದಳು. (ಇದು ಅವಳು ಸೇರಿಸಿದ ಸಾಲು.)

ಈಗ ಕೆಲವು ಸಂಗಾತಿಗಳು ಹೇಳ್ತಾರೆ, ಇದೆಲ್ಲಾ ಮಧ್ಯಮ ವರ್ಗದ ವಿಷಯ ಗುರುವೇ, ಗಂಡ ಹೆಂಡತಿ ಬಜೆಟ್ಟು ಅಂತ ಯೂಟ್ಯೂಬಲ್ಲಿ ಹೇಳ್ತಾರಲ್ಲ ಆ ತರ. ಆ ವಿಡಿಯೋಗಳನ್ನ ನಾನೂ ನೋಡಿದ್ದೀನಿ. ಸಂಬಳದಲ್ಲಿ ಅರ್ಧ ಖರ್ಚಿಗೆ, ಇಷ್ಟು ಉಳಿತಾಯಕ್ಕೆ, ಇಷ್ಟು ಎಸ್‌ಐಪಿಗೆ. ಅಪ್ಪನ ಮನೆ ಇದ್ದು, ಅಜ್ಜನ ತೋಟ ಇದ್ದು, ಸಂಬಳ ಅನ್ನೋದು ಮೇಲುಖರ್ಚಿಗೆ ಬರೋರಿಗೆ ಮಾಡಿದ ಲೆಕ್ಕ ಅದು. ನಮ್ಮಲ್ಲಿ ಒಬ್ಬನಿಗೆ ಸಂಬಳ ಬಂದರೆ ಅದರ ಮೇಲೆ ಐದು ಮನೆ ಕಣ್ಣಿಟ್ಟಿರ್ತವೆ, ಇಡಬೇಕಾದ್ದೇ. ಅಪ್ಪನ ಆಪರೇಷನ್ನು, ತಮ್ಮನ ಫೀಸು, ಅಕ್ಕನ ಮಗಳ ಆರತಿ. ಅದಕ್ಕೇ ನಮ್ಮ ಮನೆಗಳಲ್ಲಿ ದುಡ್ಡಿನ ಮಾತು ಇನ್ನೂ ಹೆಚ್ಚು ಆಗಬೇಕು. ಇಲ್ಲದೋರ ಮನೇಲಿ ಒಂದು ಸುಳ್ಳು ಲೆಕ್ಕದ ಬೆಲೆ ಇರೋರ ಮನೆಗಿಂತ ಹತ್ತು ಪಟ್ಟು.

ಈ ಮೌನ ಎಲ್ಲಿಂದ ಬಂತು ಅಂತ ಯೋಚನೆ ಮಾಡಿದಾಗ ನನಗೆ ಕಾಣೋದು ನಮ್ಮ ತಾತ. ಗೌಡರ ಮನೆಯಲ್ಲಿ ಜೀತಕ್ಕಿದ್ದರು. ಎಷ್ಟು ಸಾಲಕ್ಕೆ ಜೀತ ಅಂತ ಅಜ್ಜಿಗೆ ಸಾಯೋವರೆಗೂ ಗೊತ್ತಾಗಲಿಲ್ಲ. ತಾತನಿಗೂ ಸರಿಯಾಗಿ ಗೊತ್ತಿತ್ತೋ ಇಲ್ಲವೋ. ಲೆಕ್ಕ ಇದ್ದದ್ದು ಗೌಡರ ಪುಸ್ತಕದಲ್ಲಿ. ಕಾಳು ಕೊಟ್ಟರೆ ಒಂದು ಗೆರೆ, ಬಟ್ಟೆ ಕೊಟ್ಟರೆ ಒಂದು ಗೆರೆ, ದುಡಿದದ್ದಕ್ಕೆ ಗೆರೆ ಇಲ್ಲ. ಲೆಕ್ಕ ಕೇಳೋದು ಅಂದ್ರೆ ಎದುರಾಡೋದು. 1976ರಲ್ಲಿ ಜೀತ ನಿರ್ಮೂಲನಾ ಕಾಯ್ದೆ ಬಂತು, ಅದೇ ಹೊತ್ತಿಗೆ ಅರಸು ಸರ್ಕಾರ ಋಣ ಪರಿಹಾರ ಕಾಯ್ದೆ ಮಾಡ್ತು, ಸಾಲ ಹೋಯ್ತು, ಜೀತ ಹೋಯ್ತು. ಲೆಕ್ಕ ಕೇಳಿದರೆ ಸಿಡುಕೋ ಆ ಬುದ್ಧಿ ಮಾತ್ರ ಎಲ್ಲಿಗೂ ಹೋಗಲಿಲ್ಲ, ಗೌಡರ ಜಗಲಿಯಿಂದ ಇಳಿದು ನನ್ನ ಎದೆಯೊಳಗೆ ಬಂದು ಕೂತಿತ್ತು. ಹೆಂಡತಿ "ಈ ತಿಂಗಳು ಎಷ್ಟು ಬಂತು" ಅಂದಾಗ "ನಿನಗ್ಯಾಕೆ ಅದೆಲ್ಲಾ" ಅಂದಿದ್ದೆನಲ್ಲ, ಆ ದನಿ ನಂದಲ್ಲ, ಅವರದ್ದು.

ಎಸ್‌ಸಿಎಸ್‌ಪಿ-ಟಿಎಸ್‌ಪಿ ಹಣದ ಲೆಕ್ಕ ಕೊಡಿ ಅಂತ ನಾವು ಬೀದಿಗಿಳಿದವರು. 2013ರ ಕಾಯ್ದೆಯ 7ಡಿ ಕಲಂ ಇಟ್ಕೊಂಡು ನಮ್ಮ ಹಣವನ್ನ ರಸ್ತೆಗೆ, ಸೇತುವೆಗೆ ಹಾಕ್ತಿದ್ದಾರೆ ಅಂತ ಕೂಗಿ ಕೂಗಿ, 2023ರಲ್ಲಿ ಅದನ್ನ ತೆಗೆಸಿದೆವು. ಒಂದು ಉದ್ದೇಶಕ್ಕೆ ಇಟ್ಟ ಹಣವನ್ನ ಹೇಳದೆ ಕೇಳದೆ ಇನ್ನೊಂದಕ್ಕೆ ತಿರುಗಿಸೋದು ಅನ್ಯಾಯ ಅನ್ನೋದೇ ತಾನೇ ನಮ್ಮ ವಾದ? ಮಗಳ ಫೀಸಿನ ದುಡ್ಡನ್ನ ಫ್ಲೆಕ್ಸಿಗೆ ತಿರುಗಿಸಿದಾಗ ನನ್ನ ಮನೆಯ 7ಡಿ ಯಾವುದು? (ಗೃಹಲಕ್ಷ್ಮಿಯ ಎರಡು ಸಾವಿರಕ್ಕೂ ನಮ್ಮ ಉಪಯೋಜನೆಯ ಹಣವನ್ನೇ ಹಾಕ್ತಿದ್ದಾರೆ ಅನ್ನೋ ಜಗಳ ಬೇರೆ ಇದೆ, ಅದನ್ನ ಇನ್ನೊಂದು ದಿನ ಬರೀತೀನಿ. ಆ ಎರಡು ಸಾವಿರ ಬಂದ ದಿನ ಹೆಂಡತಿಯ ಫೋನಿನ ಮೆಸೇಜು ಮೊದಲು ನೋಡೋ ಗಂಡಂದಿರ ಬಗ್ಗೆಯೂ.)

ಇನ್ನೊಂದು ಮಾತು, ಕೆಲವರಿಗೆ ಕಹಿ ಆಗಬಹುದು. ಮೇ 27 ಬಂದರೆ ನಾವು ರಮಾಬಾಯಿಯವರ ನೆನಪಿನಲ್ಲಿ ಕಾರ್ಯಕ್ರಮ ಮಾಡ್ತೀವಿ. ಬಾಬಾಸಾಹೇಬರು ಲಂಡನ್ನಿನಲ್ಲಿ ಓದುವಾಗ ಮುಂಬೈನಲ್ಲಿ ಆ ತಾಯಿ ಪಟ್ಟ ಕಷ್ಟ, ಮಕ್ಕಳನ್ನ ಕಳ್ಕೊಂಡ ದುಃಖ ಹೇಳ್ತಾ ಕಣ್ಣೀರು ಹಾಕ್ತೀವಿ. ನಾನೂ ಹಾಕಿದ್ದೀನಿ. ಆಮೇಲೆ ಮನೆಗೆ ಬಂದು ಹೆಂಡತಿ ರಮಾಬಾಯಿ ಆಗ್ಲಿ ಅಂತ ಬಯಸ್ತೀವಿ. ನಾವು ಬಾಬಾಸಾಹೇಬರು ಅಲ್ಲ ಅನ್ನೋದು ಮರೆತುಹೋಗಿರುತ್ತೆ. ಬಾಬಾಸಾಹೇಬರೇ ಮುಂದೆ ಕಾನೂನು ಮಂತ್ರಿ ಆದಾಗ ಹೆಣ್ಮಕ್ಕಳು ತ್ಯಾಗ ಮಾಡಲಿ ಅಂತ ಬರೆದರಾ? ಹಿಂದೂ ಕೋಡ್ ಬಿಲ್‌ನಲ್ಲಿ ಹೆಣ್ಣಿಗೆ ಆಸ್ತಿಯ ಮೇಲೆ ಪೂರ್ತಿ ಹಕ್ಕು ಕೊಡಿ ಅಂತ ಬರೆದರು. ಅದಕ್ಕೆ ಪಾರ್ಲಿಮೆಂಟು ಅಡ್ಡ ಬಂದದ್ದು 1951ರಲ್ಲಿ ಅವರ ರಾಜೀನಾಮೆಗೆ ಒಂದು ಮುಖ್ಯ ಕಾರಣ. ರೂಪಾಯಿಯ ಸಮಸ್ಯೆ ಮೇಲೆ 1923ರಲ್ಲೇ ಪುಸ್ತಕ ತಂದ ಅರ್ಥಶಾಸ್ತ್ರಜ್ಞ ಅವರು. ಅವರ ಅನುಯಾಯಿ ನಾನು, ನನ್ನ ಮನೆಯ ರೂಪಾಯಿ ಎಲ್ಲಿ ಹೋಗ್ತಿದೆ ಅಂತ ಹೆಂಡತಿಗೆ ಹೇಳೋಕೆ ನಾಚಿಕೆ ಪಟ್ಟವನು.

2019ರ ಆಗಸ್ಟಿನಿಂದ ಪ್ರತಿ ಭಾನುವಾರ ಸಂಜೆ ಲೆಕ್ಕಕ್ಕೆ ಕೂರ್ತೀವಿ. ಮಗಳ ಹಳೇ ನೋಟ್‌ಬುಕ್ಕಿನ ಉಳಿದ ಹಾಳೆಗಳು. ಮೊದಲ ಎರಡು ಮೂರು ತಿಂಗಳು ಲೆಕ್ಕಕ್ಕಿಂತ ಜಗಳವೇ ಜಾಸ್ತಿ. ಎರಡನೇ ವಾರ ಅವಳು ಹೇಳಿದಳು, ಲೈನಿನ ಹೆಂಗಸರ ಜೊತೆ ಚೀಟಿ ಹಾಕಿದ್ದೀನಿ, 18 ಸಾವಿರ ಕಟ್ಟಿದ್ದೀನಿ ಅಂತ. ನನಗೆ ಸಿಟ್ಟು ಬಂತು ನೋಡಿ! ಅಷ್ಟೆಲ್ಲಾ ಮಾಡಿದ ನನಗೆ! "ನನಗೆ ಒಂದು ಮಾತು ಹೇಳ್ಬಾರ್ದಿತ್ತಾ" ಅಂದೆ. "ಹೇಳಿದ್ರೆ ಅದೂ ಕೋರೆಗಾಂವ್ ಬಸ್ ಹತ್ತಿರ್ತಿತ್ತು" ಅಂದಳು. ನಾನು ಸುಮ್ಮನೆ ಎದ್ದು ಹೋಗಿ ಟೀ ಇಟ್ಟೆ.

ಆ ಮಾತು ನನಗೆ ನಮ್ಮವ್ವನ್ನ ನೆನಪಿಗೆ ತಂತು. ನಮ್ಮಪ್ಪ ಕೂಲಿ ದುಡ್ಡೆಲ್ಲಾ ಸಾರಾಯಿ ಪ್ಯಾಕೆಟ್ಟಿಗೆ ಹಾಕ್ತಿದ್ದ ಕಾಲ. 2007ರಲ್ಲಿ ಸಾರಾಯಿ ನಿಂತಿತು, ಅಷ್ಟರಲ್ಲಿ ಅಪ್ಪ ಇರಲಿಲ್ಲ. ಅವ್ವ ಕಳೆ ಕಿತ್ತು ಬಂದ ಕೂಲಿಯಲ್ಲಿ ಒಂದಿಷ್ಟನ್ನ ಪಕ್ಕದೂರಿನ ಅಂಗಡಿ ಅಮ್ಮನ ಹತ್ರ ಇಡ್ತಿದ್ದಳು. ನನ್ನ ಎಸ್ಸೆಸ್ಸೆಲ್ಸಿ ಪರೀಕ್ಷೆ ಫೀಸು ಆ ದುಡ್ಡು. ಅವ್ವ ಅಪ್ಪನಿಗೆ ನಿಜ ಹೇಳಿದ್ದಿದ್ದರೆ ನಾನು ಇವತ್ತು ಇದನ್ನ ಬರೀತಿರಲಿಲ್ಲ.

ಅದಕ್ಕೇ, ಗಂಡ ಹೆಂಡತಿ ದುಡ್ಡಿನ ವಿಷಯ ಬಿಚ್ಚಿ ಮಾತಾಡಬೇಕು ಅಂತ ನಾನು ಹೇಳೋದು ಮೊದಲು ಗಂಡಸರಿಗೆ. ಕುಡಿಯೋ ಗಂಡ, ಹೊಡೆಯೋ ಗಂಡ, ಕಿತ್ಕೊಳ್ಳೋ ಗಂಡ ಇರೋ ಮನೇಲಿ ಹೆಂಗಸು ಬಚ್ಚಿಡೋ ದುಡ್ಡು ಸುಳ್ಳಲ್ಲ, ಅದು ಜೀವ ಉಳಿಸ್ಕೊಳ್ಳೋ ದಾರಿ. ಅವಳನ್ನ ಹಿಡಿದು ಪಾರದರ್ಶಕತೆ ಪಾಠ ಮಾಡ್ಬೇಡಿ. ಯಾರು ಕೇಳದೆ ಖರ್ಚು ಮಾಡಬಲ್ಲರೋ ಅವರು ಮೊದಲು ಪುಸ್ತಕ ತೆಗೀಬೇಕು. ಅವಳು ತನ್ನದನ್ನ ಯಾವಾಗ ತೆಗೀತಾಳೆ, ತೆಗೀತಾಳೋ ಇಲ್ಲವೋ, ಅವಳಿಗೆ ಬಿಟ್ಟದ್ದು. ನನ್ನ ಹೆಂಡತಿ ಎರಡೇ ವಾರಕ್ಕೆ ಹೇಳಿದ್ದು ಅವಳ ದೊಡ್ಡತನ, ನನ್ನ ಯೋಗ್ಯತೆ ಅಲ್ಲ.

ಲೆಕ್ಕ ಬರೆಯೋಕೆ ಶುರು ಮಾಡಿದ ಮೇಲೆ ಒಂದು ವಿಷಯ ಕಣ್ಣಿಗೆ ಹೊಡೀತು. ಹತ್ತು ವರ್ಷದಲ್ಲಿ ನನ್ನ ಕಡೆಯವರಿಗೆ ಎಷ್ಟು ಹೋಗಿದೆ, ಅವಳ ಕಡೆಯವರಿಗೆ ಎಷ್ಟು ಅಂತ ನೆನಪಿದ್ದಷ್ಟು ಬರೆದೆವು. ನನ್ನ ಕಡೆ ಒಂದು ಪುಟ ತುಂಬ್ತು. ಅವಳ ಕಡೆ ಎರಡು ಸಾಲು. ಅವರಮ್ಮನ ಕಣ್ಣಿನ ಪೊರೆ ಆಪರೇಷನ್ನಿಗೆ ಅವಳು ಓಟಿ ಮಾಡಿ ಕೊಟ್ಟದ್ದು, ನನಗೆ ಗೊತ್ತೇ ಇರಲಿಲ್ಲ. ಈಗ ಎರಡು ಕಾಲಂ ಇದೆ, ಎರಡೂ ಕಡೆ. ಸಂಘಟನೆಗೂ ಒಂದು ಕಾಲಂ, ತಿಂಗಳಿಗೆ ಸಾವಿರ ರೂಪಾಯಿ. ಮೀರಬೇಕಾದ್ರೆ ಇಬ್ಬರೂ ಒಪ್ಪಬೇಕು. ಎರಡು ಸಲ ಅವಳೇ "ಇದಕ್ಕೆ ಜಾಸ್ತಿ ಕೊಡು" ಅಂದಿದ್ದಾಳೆ. ಮೂರು ಸಲ ಬೇಡ ಅಂದಿದ್ದಾಳೆ, ಆ ಮೂರರಲ್ಲಿ ಎರಡು ಫ್ಲೆಕ್ಸು.

ಸಂಘಟನೆಯವರಿಗೆ ನನ್ನ ಕೋರಿಕೆ ಇಷ್ಟು. ಜಯಂತಿ ಮುಗಿದ ವಾರದೊಳಗೆ ಲೆಕ್ಕವನ್ನ ಕೇರಿಯ ಮುಂದೆ ಓದಿ. ಕಡಿಮೆ ಬಿದ್ದಿದ್ದರೆ ಕಡಿಮೆ ಬಿತ್ತು ಅಂತಲೇ ಓದಿ. ಅದನ್ನ ಕಾರ್ಯದರ್ಶಿಯ ಜೇಬಿಗೆ ತಳ್ಳಿದರೆ ಅದು ಅವನ ಹೆಂಡತಿಯ ಕಿವಿಯೋಲೆಗೆ ಹೋಗಿ ನಿಲ್ಲುತ್ತೆ, ನಾವು ಅದಕ್ಕೆ ತ್ಯಾಗ ಅಂತ ಹೆಸರಿಟ್ಟು ಶಾಲು ಹೊದಿಸ್ತೀವಿ. ಪೂರ್ಣಾವಧಿ ಕಾರ್ಯಕರ್ತರಿಗೆ ಏನು ಕೊಡ್ತೀವಿ, ಕೊಡಲ್ಲ ಅನ್ನೋದನ್ನ ಅವರ ಮನೆಯವರನ್ನೂ ಕೂರಿಸ್ಕೊಂಡು ಮಾತಾಡಿ. ಮತ್ತೆ ಸರಳ ಮದುವೆ ಮಾಡಿಸೋ ನಾವು, ಪೀಠಿಕೆ ಓದಿಸೋಕೆ ಮುಂಚೆ, ಮದುವೆಗೆ ಒಂದು ವಾರ ಇರುವಾಗಲೇ ಇಬ್ಬರನ್ನೂ ಕೂರಿಸಿ ಕೇಳೋಣ: ಸಾಲ ಎಷ್ಟಿದೆ, ಯಾರ ಹತ್ರ, ಎಷ್ಟು ಬಡ್ಡಿ, ಯಾರಿಗೆ ಜಾಮೀನು ನಿಂತಿದ್ದೀರಿ, ಯಾವ ಮನೆಗೆ ತಿಂಗಳಾ ಎಷ್ಟು ಕಳಿಸಬೇಕು. ಜಾತಕ ಕೇಳೋದು ಬಿಟ್ಟಿದ್ದೀವಲ್ಲ, ಆ ಜಾಗ ಖಾಲಿ ಇದೆ.

ಚಂದಾಪುರ ಸಿಗ್ನಲ್ಲಿಂದ ಮನೆಗೆ ಬಂದ ರಾತ್ರಿಯೇ ಆ ಹುಡುಗನಿಗೆ ಫೋನ್ ಮಾಡಿದೆ. ನೀನೇ ಹೇಳ್ತೀಯಾ, ನಾನು ಬಂದು ಪಕ್ಕದಲ್ಲಿ ಕೂರಲಾ ಅಂತ ಕೇಳಿದೆ. ಎರಡು ದಿನ ಟೈಮ್ ಕೊಡಣ್ಣಾ ಅಂದ. ನಾಲ್ಕು ದಿನ ಆಯ್ತು. ನಿನ್ನೆ ರಾತ್ರಿ ಅವನೇ ಮಾಡಿದ, ಇದನ್ನ ಬರೀಬಹುದು ಅಂತ ಒಪ್ಪಿಗೆಯನ್ನೂ ಕೊಟ್ಟ.

"ಹೇಳ್ದೆ ಅಣ್ಣಾ. ಬೆಳಿಗ್ಗೆಯಿಂದ ಮಾತಾಡ್ತಿಲ್ಲ ಅವಳು."

"ಊಟ?"

"ಮಾಡವ್ಳೆ. ಈಗ ಪೆನ್ನು ಇಟ್ಕೊಂಡು ಕೂತವಳೆ, ಯಾರ್ಯಾರಿಗೆ ಎಷ್ಟೆಷ್ಟು ಅಂತ ಒಂದೊಂದಾಗಿ ಕೇಳ್ತಾವ್ಳೆ. ಇಡ್ತೀನಿ ಅಣ್ಣಾ, ಕರೀತಾವ್ಳೆ."